ಸಡಿಲ ಮಾಡಿದ ಚಪ್ಪಲಿ

ಚಪ್ಪಲಿ ಅಂಗಡಿಯ ಹಿಂದಿನ ಕೋಣೆ
ಮಾರ್ಚ್ ೧೨, ಬೆಳಿಗ್ಗೆ

ನನ್ನ ಮುದ್ದು ಗುಬ್ಬಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯ ಮಗಳೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಆ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಗಿರಾಕಿಗಳ ಮಾತಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತೀಯೋ? ನನ್ನ ಬೆನ್ನುನೋವು ಕ್ಷೇಮ. ನೆಂಟರಾದರೆ ಬಂದು ಹೋಗುತ್ತಾರೆ, ಇದು ಹೋಗುವ ಮಾತೇ ಇಲ್ಲ.

ಅಮ್ಮನನ್ನು ಹೋದ ವಾರ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಆನೆಕಾಲು ರೋಗವಂತೆ. ಸೊಳ್ಳೆ ಕಚ್ಚಿ ಒಳಗೆ ಬಿಟ್ಟ ಹುಳುಗಳು, ದಾರದಂಥವು, ಎಷ್ಟೋ ವರ್ಷದಿಂದ ಅವಳ ಮೈಯೊಳಗೆ ಸಂಸಾರ ಹೂಡಿವೆಯಂತೆ. ಡಾಕ್ಟರಮ್ಮ ಒಂದೊಂದಾಗಿ ಕೇಳಿದರು, ಇವಳು ತಲೆ ತಗ್ಗಿಸಿಕೊಂಡು ಒಂದೊಂದಕ್ಕೂ ಹೂಂ ಅಂದಳು. ಮೊದಲು ಆಗಾಗ ಚಳಿಜ್ವರ, ಎರಡು ಮೂರು ದಿನಕ್ಕೆ ತಾನಾಗಿ ಬಿಡುವುದು. ಜೊತೆಗೆ ತೊಡೆಸಂದಿಯಲ್ಲಿ ಗಂಟು, ಅಲ್ಲಿಂದ ಕೆಳಕ್ಕೆ ಕೆಂಪು ಗೆರೆ. ಆಮೇಲೆ ಸಂಜೆ ಊದಿ ಬೆಳಿಗ್ಗೆ ಇಳಿಯುವ ಪಾದ. ಆಮೇಲೆ ಇಳಿಯದ ಪಾದ. ಈಗ ಬೆರಳಿಂದ ಒತ್ತಿದರೂ ತಗ್ಗು ಬೀಳುವುದಿಲ್ಲ, ಚರ್ಮ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿಯಾಗಿದೆ, ಮಡಿಕೆಗಳ ನಡುವೆ ಕೀವು. ಜ್ವರ ನನಗೆ ಗೊತ್ತಿತ್ತು, ಗಂಟು ಗೊತ್ತಿರಲಿಲ್ಲ. "ಗಂಟು ಅಂತೆಲ್ಲ ನಿಮ್ಮ ಹತ್ರ ಹೇಗ್ರೀ ಹೇಳೋದು" ಎಂದಳು, ಬಸ್ಸಿನಲ್ಲಿ ವಾಪಸ್ಸು ಬರುವಾಗ.

ಅವಳನ್ನು ಬೈಯಲು ನನಗೆ ಬಾಯಿಲ್ಲ. "ರೀ, ಎಡಗಾಲಿಂದು ಬಿಗಿ ಆಗ್ತಿದೆ" ಎಂದು ಆರು ವರ್ಷದ ಹಿಂದೆಯೇ ಹೇಳಿದ್ದಳು. ಬಿಗಿ ಎಂದರೆ ನನ್ನ ಕಿವಿಗೆ ಅದು ಚಪ್ಪಲಿಯ ತಪ್ಪು. ಗಿರಾಕಿಯ ಕಾಲನ್ನು ದೂರಿದವನಲ್ಲ ನಾನು. ಪಟ್ಟಿ ಬಿಚ್ಚಿ ಅರ್ಧ ಬೆರಳು ಸಡಿಲ ಮಾಡಿಕೊಟ್ಟೆ. ಮರುವರ್ಷ ಇನ್ನರ್ಧ. ಅವಳ ಪಾದದ ಅಳತೆಗೆ ಕೆತ್ತಿಟ್ಟ ಮರದ ಅಚ್ಚಿಗೆ ಚರ್ಮದ ತುಂಡು ಅಂಟಿಸಿ ಅಂಟಿಸಿ ದಪ್ಪ ಮಾಡುತ್ತಾ ಹೋದೆ. ಮೆತ್ತಗಿದೆ, ಎಲ್ಲೂ ಒತ್ತುವುದಿಲ್ಲ ಎಂದು ಅವಳು ಹೊಗಳಿದಳು, ನಾನು ಉಬ್ಬಿದೆ. ನಿನ್ನೆ ಆ ಅಚ್ಚನ್ನು ಕೆಳಗಿಳಿಸಿ ಸುಲಿದು ನೋಡಿದೆ. ಆರು ಪದರ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾತ್ರೆ ಕೊಟ್ಟಿದ್ದಾರೆ. ಹುಳು ಸತ್ತರೂ ಕಾಲು ಮೊದಲಿನಂತಾಗುವುದಿಲ್ಲವಂತೆ. ದಿನಕ್ಕೆರಡು ಸಲ ಸೋಪು ಹಚ್ಚಿ ತೊಳೆದು, ಬೆರಳ ಸಂದಿಗಳನ್ನು ಒರೆಸುತ್ತೇನೆ. ಅಷ್ಟು ಹೊತ್ತೂ ಅವಳು ಗೋಡೆ ಕಡೆಗೆ ತಿರುಗಿ ಕೂತಿರುತ್ತಾಳೆ. ಅಂಗಡಿಯ ಮುಂದೆ ಬಂದು ಕೂರುವುದನ್ನು ಬಿಟ್ಟೇಬಿಟ್ಟಳು.

ನಿನ್ನ ತಲೆ ಸವರಿದ್ದೇನೆಂದು ಬರೆಯಲು ಅಮ್ಮ ಹೇಳಿದಳು. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಪ್ಪ

ತಾ.ಕ.: "ಅಪ್ಪಾ, ಸಂಜೆ ಹೊತ್ತಿಗೆ ಬಲಗಾಲಿಂದು ಬಿಗಿ ಆಗತ್ತೆ, ಈ ಸಲಾನೂ ಸ್ವಲ್ಪ ಸಡಿಲ ಮಾಡು" ಎಂದು ಬರೆದಿದ್ದೆಯಲ್ಲ. ಆ ಜೋಡಿ ಸಿದ್ಧವಾಗಿದೆ, ಆದರೆ ಕಳಿಸುವುದಿಲ್ಲ. ಈ ಕಾಗದ ಸಿಕ್ಕ ದಿನವೇ ಆಸ್ಪತ್ರೆಗೆ ಹೋಗು. ರಕ್ತವನ್ನು ರಾತ್ರಿ ತೆಗೆಸಬೇಕಂತೆ, ಹಗಲಲ್ಲಿ ಆ ಹುಳು ಕಾಣಿಸಿಕೊಳ್ಳುವುದಿಲ್ಲ. ಜ್ವರ ಬಂದಿತ್ತಾ, ಗಂಟು ಇದೆಯಾ, ಬರಿ. ಅಪ್ಪನಿಗೆ ಹೇಗೆ ಹೇಳುವುದು ಎಂದು ನಾಚಿಕೊಂಡು ಕೂರಬೇಡ. ನಿನ್ನ ಅಚ್ಚಿಗೂ ಆಗಲೇ ಎರಡು ಪದರ ಅಂಟಿಸಿದ್ದೇನೆ.