ನಮ್ಮ ಗಾಡಿಯನ್ನು ನಾವೇ ಎತ್ತಿದ ಸಂಗತಿ

ಗದಗ-ಬೆಟಗೇರಿ
ಅಕ್ಟೋಬರ್ ೩೨, ೨೧೫೧

ಮನೆಯ ಮುಂದೆ ಮೊದಲ ವಿದ್ಯುತ್ ಕಾರು ತಂದು ನಿಲ್ಲಿಸಿಕೊಂಡಿರುವ ಹಿರಿಯರಿಗೆ ದಾನೇಶ್ವರಿ ಹೊಂಬಳ ಮಾಡುವ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡಿ, ನನ್ನ ಕೈ ತಪ್ಪಿಲ್ಲ. ನಮ್ಮ ಕಾಲದಲ್ಲಿ ಅಕ್ಟೋಬರ್ ತಿಂಗಳಿಗೆ ಒಂದು ದಿನ ಹೆಚ್ಚು. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನೆಲ್ಲ ನಿಲ್ಲಿಸಿ ಎಣ್ಣೆ ಹಾಕಲು ಯಾವ ದಿನ ಗೊತ್ತುಮಾಡಿದರೂ ಯಾರಾದರೊಬ್ಬರು ತಕರಾರು ತೆಗೆಯುತ್ತಿದ್ದರಂತೆ. ಕೊನೆಗೆ ಬೇಸತ್ತು, ಯಾರಿಗೂ ಸೇರದ ದಿನವೊಂದನ್ನು ಕ್ಯಾಲೆಂಡರಿನಲ್ಲೇ ಹುಟ್ಟಿಸಿದರು. ಇವತ್ತು ಆ ದಿನ. ಊರಿನಲ್ಲಿ ಕರೆಂಟಿಲ್ಲ, ಹಾಗಾಗಿ ನನಗೆ ಬರೆಯಲು ಪುರುಸೊತ್ತಿದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲಕ್ಕಿಲ್ಲದ ವಸ್ತು ಬಂದಾಗ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಈ ಪತ್ರ ಹಿಂದಕ್ಕೆ ಹೇಗೆ ಬಂತು ಎಂದು ಮಾತ್ರ ಕೇಳಬೇಡಿ. ಅಂಚೆಯವರಿಗೇ ಅದು ಸರಿಯಾಗಿ ಗೊತ್ತಿಲ್ಲ.

ನಾನು ರೊಟ್ಟಿ ಮಾಡುವವಳು. ನಮ್ಮ ಓಣಿಯ ಹದಿನಾರು ಹೆಂಗಸರು ಸೇರಿ ಜೋಳದ ಖಡಕ್ ರೊಟ್ಟಿ ಬಡಿದು, ಒಣಗಿಸಿ, ಗದಗ ಬೆಟಗೇರಿ ಎರಡೂ ಕಡೆಯ ಮನೆಗಳಿಗೆ ಮುಟ್ಟಿಸುತ್ತೇವೆ. ಹದಿನಾರು ಒಲೆಗಳು ಉರಿಯುವುದು ಇದರಿಂದಲೇ. ಮುಟ್ಟಿಸಲು ನಮಗಿರುವುದು ಒಂದೇ ಒಂದು ಗಾಡಿ, ನಿಮ್ಮ ಮಾತಿನಲ್ಲಿ ಕಾರು. ಅದು ನನ್ನ ಹೆಸರಿನಲ್ಲಿದೆ. ಈಗಿನವರು ಸಾಮಾನು ತರಿಸಿಕೊಳ್ಳುವುದು ಹಕ್ಕಿಡಬ್ಬಿಯಿಂದ. ಅದು ಆಕಾಶದಲ್ಲಿ ಹಾರಿಬಂದು ಮಾಳಿಗೆಯ ಮೇಲೆ ಸರಕು ಇಳಿಸಿ ಹೋಗುವ ಪೆಟ್ಟಿಗೆ. ಒಂದು ತಿಂಗಳು ಅದನ್ನೂ ನೋಡಿದೆವು. ಅದು ಇಳಿಸುವುದೆಂದರೆ ಎತ್ತಿ ಒಗೆದ ಹಾಗೆ. ಗಿರಾಕಿಗಳು ಫೋನ್ ಮಾಡಿ, ಇವತ್ತು ರೊಟ್ಟಿ ಕಳಿಸಿದಿರೋ ಹಿಟ್ಟು ಕಳಿಸಿದಿರೋ ಎಂದು ವಿಚಾರಿಸತೊಡಗಿದರು. ಖಡಕ್ ರೊಟ್ಟಿಗೆ ನೆಲದ ಮೇಲೆ ಮೆತ್ತಗೆ ಹೋಗುವ ಗಾಡಿಯೇ ಬೇಕು.

ಆದ್ದರಿಂದ ನನ್ನನ್ನು ವಿದ್ಯುತ್ ಗಾಡಿಯ ವೈರಿ ಎಂದು ತಿಳಿಯಬೇಡಿ. ಪೆಟ್ರೋಲಿಲ್ಲ, ಹೊಗೆಯಿಲ್ಲ, ಸದ್ದಿಲ್ಲ ಎಂದು ನಿಮಗೆ ಹೇಳಿ ಮಾರಿದರಲ್ಲ, ಅದೆಲ್ಲ ನಿಜವೇ. ನಮ್ಮ ಮಕ್ಕಳಿಗೆ ಹೊಗೆ ಎಂದರೆ ಒಲೆಯದ್ದು ಮಾತ್ರ ಗೊತ್ತು. ನಿಮ್ಮಿಂದ ನಮಗಾದ ದೊಡ್ಡ ಉಪಕಾರ ಅದು. ಆದರೆ ಹೊಗೆ ಖಾಲಿ ಮಾಡಿದ ಜಾಗಕ್ಕೆ ಏನೇನು ಬಂದು ಕೂರುತ್ತದೆ ಎಂದು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಮೊದಲನೆಯದು ತಂತಿ. ಓಣಿಗೊಂದು ಉಣಿಸುಗಂಬವಿದೆ, ಗಾಡಿಗೆ ಕರೆಂಟು ಉಣಿಸುವ ಕಂಬ. ಅದರ ತಂತಿ ಮಳೆಗಾಲದಲ್ಲಿ ಕೆಸರು ಮೆತ್ತಿಕೊಂಡಿರುತ್ತದೆ, ಬೇಸಿಗೆಯಲ್ಲಿ ಮುಟ್ಟಿದರೆ ಸುಡುತ್ತದೆ, ಉಳಿದ ದಿನಗಳಲ್ಲಿ ಅದರ ಮೇಲೆ ಯಾರದೋ ಲುಂಗಿ ಒಣಗುತ್ತಿರುತ್ತದೆ. ತಂತಿಯ ಹೊದಿಕೆಯನ್ನು ಯಾವುದೋ ಕಾಳಿನಿಂದ ಮಾಡುತ್ತಾರೆ, ಇಲಿಗಳಿಗೆ ಅದು ಹಬ್ಬದೂಟ. ನಿಮ್ಮ ಸರದಿ ಬಂದು ಗಾಡಿಗೆ ತಂತಿ ಹಚ್ಚಿ ಮನೆಗೆ ಬಂದಿರೋ, ಯಾರೋ ಪುಣ್ಯಾತ್ಮರು ನಿಮ್ಮದನ್ನು ಕಿತ್ತು ತಮ್ಮದನ್ನು ಹಚ್ಚಿಕೊಂಡಿರುತ್ತಾರೆ. ಕೇಳಿದರೆ, ನಿಮ್ಮದರ ಹೊಟ್ಟೆ ತುಂಬಿತ್ತಲ್ಲ ಎನ್ನುತ್ತಾರೆ. ತುಂಬಿತ್ತೋ ಇಲ್ಲವೋ ಹೇಳಬೇಕಾದವರು ನಾವೋ ಅವರೋ?

ಬೀಗರು ಬಂದರೆ ಮೊದಲು ಕಾಲಿಗೆ ನೀರು ಕೊಡುವುದು ನಿಮ್ಮ ಪದ್ಧತಿ. ಈಗ ಮೊದಲು ಅವರ ಗಾಡಿಗೆ ತಂತಿ ಕೊಡಬೇಕು. ತಂತಿ ಕೊಡದ ಮನೆ ಎಂದು ಹೆಸರು ಬಿತ್ತೋ, ಆ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಬೀಗರು ಎಲೆ ಅಡಿಕೆ ಹಾಕಿಕೊಂಡು ಹೊರಟು ನಿಂತಾಗ ಅವರ ಗಾಡಿ ಇನ್ನೂ ಅರ್ಧ ಹೊಟ್ಟೆಯಲ್ಲಿದ್ದರೆ ಮತ್ತೆ ಒಳಗೆ ಬಂದು ಇನ್ನೊಂದು ಊಟಕ್ಕೆ ಕೂರುತ್ತಾರೆ. ಅವರಿಗೂ ಸಂಕೋಚ, ನಮಗೂ ಸಂಕೋಚ, ಸಾರು ಮಾತ್ರ ಸಾಲುವುದಿಲ್ಲ. ಇನ್ನು ಸದ್ದಿನ ವಿಷಯ. ಗಾಡಿಗಳು ಸದ್ದಿಲ್ಲದೆ ಬಂದು ಹಿಂದೆ ನಿಂತು ಊರವರ ಎದೆ ಒಡೆಸುತ್ತವೆ ಎಂದು, ಪ್ರತಿ ಗಾಡಿಯೂ ಏನಾದರೊಂದು ಸದ್ದು ಮಾಡುತ್ತಲೇ ಹೋಗಬೇಕೆಂಬ ಕಾನೂನು ಬಂತು. ಯಾವ ಸದ್ದು ಎನ್ನುವುದು ಅವರವರ ಇಷ್ಟ. ಎದುರುಮನೆಯವರು ತಮ್ಮ ಮೊಮ್ಮಗನ ಅಳು ಹಾಕಿಸಿದ್ದಾರೆ. ಬೆಳಗಿನ ಜಾವ ಆ ಗಾಡಿ ಹೊರಟರೆ ಓಣಿಯ ಬಾಣಂತಿಯರೆಲ್ಲ ಎದ್ದು ಕೂರುತ್ತಾರೆ.

ಇವನ್ನೆಲ್ಲ ಸಹಿಸಬಹುದು, ಸಹಿಸಿದ್ದೇವೆ. ಸಹಿಸಲಾಗದ್ದು ಮುನಿಸು. ಗಾಡಿ ತನಗೆ ಅನುಮಾನ ಬಂದಾಗ ಮುಂದೆ ಹೋಗಲು ಒಲ್ಲೆನೆಂದು ನಿಂತುಬಿಡುವುದಕ್ಕೆ ನಾವು ಮುನಿಸು ಎನ್ನುತ್ತೇವೆ. ಅದು ನಿಂತರೆ ತಳ್ಳಲು ಬರುವುದಿಲ್ಲ, ಗಾಲಿಗಳನ್ನು ತಾನೇ ಬಿಗಿಹಿಡಿದುಕೊಳ್ಳುತ್ತದೆ. ಬಿಡಿಸಲು ಒಳಗೆ ಒಂದು ಕೀಲಿಲ್ಲ, ಸನ್ನೆಗೋಲಿಲ್ಲ, ಹಗ್ಗವಿಲ್ಲ. ಉಗಾದಿಯಿಂದ ಉಗಾದಿಗೆ ಮೂರು ಸಲ ಮುನಿಸಿಕೊಂಡ ಗಾಡಿಯನ್ನು ಅದನ್ನು ಮಾಡಿದ ಕಂಪನಿ ವಾಪಸು ಒಯ್ಯುತ್ತದೆ. ಮತ್ತೊಂದು ಸಿಗಲು ವರ್ಷಗಟ್ಟಲೆ ಸರದಿ ಕಾಯಬೇಕು. ನಮ್ಮದು ಈ ವರ್ಷ ಎರಡು ಸಲ ಮುನಿಸಿಕೊಂಡಿತ್ತು. ಉಗಾದಿಯ ದಿನ ಬಾಗಿಲ ಮುಂದಿನ ರಂಗೋಲಿಯನ್ನು ಗುಂಡಿ ಎಂದು ತಿಳಿದು ನಿಂತಿತು. ಇನ್ನೊಂದು ಸಲ ನನ್ನ ಬೆರಳಿಗೆ ಹಿಟ್ಟು ಮೆತ್ತಿತ್ತೆಂದು ನಾನು ನಾನಲ್ಲ ಎಂದಿತು. ದಿನಾ ರೊಟ್ಟಿ ಬಡಿಯುವವಳ ಬೆರಳಿಗೆ ಹಿಟ್ಟಲ್ಲದೆ ಗಂಧ ಮೆತ್ತಿರುತ್ತದೆಯೇ? ಕಂಪನಿಗೆ ಬರೆದೆ. ಉತ್ತರದಲ್ಲಿ, ಈ ಉತ್ತರ ನಿಮಗೆ ಎಷ್ಟು ಹಿಡಿಸಿತು, ನಕ್ಷತ್ರ ಹಾಕಿ ತಿಳಿಸಿ ಎಂದಿತ್ತು. ಬೇರೇನೂ ಇರಲಿಲ್ಲ.

ಹೀಗೆ ಖಂಡೇನವಮಿ ಬಂತು, ನಿಮ್ಮಲ್ಲಿ ಕೆಲವರು ಆಯುಧಪೂಜೆ ಎನ್ನುವ ಹಬ್ಬ. ಗಾಡಿ ತೊಳೆದು, ಹೂವೇರಿಸಿ, ನಾಲ್ಕು ಗಾಲಿಯಡಿ ಲಿಂಬೆಹಣ್ಣು ಇಟ್ಟು ಅದರ ಮೇಲೆ ಹಾಯಿಸುವ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಹೋದ ವರ್ಷದವರೆಗೂ ಗಾಡಿ ಲಿಂಬೆಹಣ್ಣನ್ನು ಹಣ್ಣೆಂದೇ ತಿಳಿಯುತ್ತಿತ್ತು. ಈ ಶ್ರಾವಣದಲ್ಲಿ ಅದಕ್ಕೆ ಎಲ್ಲಿಂದಲೋ ಹೊಸ ಬುದ್ಧಿ ಬಂತು. ನಮ್ಮನ್ನು ಕೇಳುವವರಿಲ್ಲ, ಬೆಳಗಾಗುವಷ್ಟರಲ್ಲಿ ಬಂದು ಕೂತಿರುತ್ತದೆ. ಆ ಬುದ್ಧಿಯ ಪ್ರಕಾರ ಗಾಲಿಯಡಿ ದುಂಡಗಿರುವುದೆಲ್ಲ ಪ್ರಾಣಿಯ ಮರಿ. ಹಾಯಿಸಲು ಹೋದರೆ ಮೂರನೆಯ ಮುನಿಸು ಖಾತ್ರಿ. ಊರಿನ ಬಹಳ ಮಂದಿ ಈ ಸಲ ಹಣ್ಣನ್ನು ಪಕ್ಕಕ್ಕಿಟ್ಟು ಕಾಲಿನಿಂದ ತುಳಿದು ಪೂಜೆ ಮುಗಿಸಿದರು. ನಮ್ಮ ಅತ್ತೆ ಕಲ್ಲವ್ವ ಅದಕ್ಕೆ ಸುತಾರಾಂ ಒಪ್ಪಲಿಲ್ಲ. ದೃಷ್ಟಿಯಾಗಿರುವುದು ಗಾಡಿಗೆ, ನಿನ್ನ ಹಿಮ್ಮಡಿಗಲ್ಲ ಎಂಬುದು ಅವರ ವಾದ. ಎರಡು ದಿನ ನಾನು ಅವರೊಂದಿಗೆ ಜಗಳವಾಡಿದೆ. ಹದಿನಾರು ಮನೆಯ ಅನ್ನವನ್ನು ನಾಲ್ಕು ಲಿಂಬೆಹಣ್ಣಿಗಾಗಿ ಕಳೆಯುತ್ತೀರಾ ಎಂದು ರೇಗಿದೆ. ಅವರು ರೇಗಲಿಲ್ಲ. ಇವತ್ತು ಹಣ್ಣು ಬೇಡವೆಂದ ಗಾಡಿ ನಾಳೆ ನಿನ್ನ ರೊಟ್ಟಿಬುಟ್ಟಿಯೂ ದುಂಡಗಿದೆ ಎಂದರೆ ಆಗೇನು ಮಾಡುತ್ತಿ ಎಂದು ಕೇಳಿದರು. ಅಲ್ಲಿಂದ ಮುಂದೆ ಹಟ ನನ್ನದೂ ಆಯಿತು.

ಗಾಡಿ ಹಣ್ಣಿನ ಮೇಲೆ ಹೋಗದಿದ್ದರೆ ಹಣ್ಣಿನ ಮೇಲೆ ಗಾಡಿಯನ್ನೇ ಇಳಿಸೋಣ ಎಂದು ಹೊಳೆದದ್ದು ನನಗೇ. ನಮ್ಮ ಕಾಲದ ಬ್ಯಾಟರಿ ತೆಳ್ಳಗೆ, ಹಗುರ. ನಮ್ಮ ಪುಟ್ಟ ಗಾಡಿ ದೊಡ್ಡ ಎಮ್ಮೆಯೊಂದರ ತೂಕ ಬಂದರೆ ಹೆಚ್ಚು. ಬೆಟಗೇರಿಯ ನೇಕಾರರ ಮನೆಯಿಂದ ಹಳೆಯ ಮಗ್ಗದ ಎರಡು ತೊಲೆ ತಂದು ಅಡಿಗೆ ತೂರಿಸಿದೆವು. ಹದಿನೈದು ಮಂದಿ ಸೆರಗು ಸಿಕ್ಕಿಸಿಕೊಂಡು ಹೆಗಲು ಕೊಟ್ಟೆವು. ಗಾಲಿಗಳು ನೆಲ ಬಿಟ್ಟವು. ಹದಿನಾರನೆಯವರಾದ ಅತ್ತೆ ಮಂಡಿಯೂರಿ ಒಂದೊಂದೇ ಹಣ್ಣು ಇಡುತ್ತ ಬಂದರು. ಮೂರನೆಯ ಗಾಲಿಯಡಿ ಅವರ ಕೈ ಇದ್ದಾಗ, ನಿದ್ದೆಯಲ್ಲಿದೆ ಎಂದು ನಾವು ನಂಬಿದ್ದ ಗಾಡಿ ಒಮ್ಮೆಲೇ ಕೂಗಿಕೊಂಡಿತು. ತನ್ನನ್ನು ಕಳವು ಮಾಡಲಾಗುತ್ತಿದೆ, ದಯವಿಟ್ಟು ಸಹಾಯ ಮಾಡಿ ಎಂದು ಶುದ್ಧ ಪುಸ್ತಕದ ಕನ್ನಡದಲ್ಲಿ, ಓಣಿಯೆಲ್ಲ ಕೇಳುವ ಹಾಗೆ. ಒಬ್ಬಳು ಬೆಚ್ಚಿ ಹೆಗಲು ತಪ್ಪಿಸಿದರೂ ಅತ್ತೆಯ ಕೈ ಹೋಗುತ್ತಿತ್ತು. ಯಾರೂ ತಪ್ಪಿಸಲಿಲ್ಲ. ಅತ್ತೆಯೂ ಅವಸರ ಮಾಡಲಿಲ್ಲ, ನಾಲ್ಕನೆಯದನ್ನೂ ಇಟ್ಟು, ಸರಿದು ನಿಂತು, ಇಳಿಸಿ ಎಂದು ಸನ್ನೆ ಮಾಡಿದರು. ನಾಲ್ಕೂ ಹಣ್ಣು ಪಚಕ್ಕನೆ ಒಡೆದವು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಕಾಯಿ ಒಡೆಯುವಷ್ಟರಲ್ಲಿ ಹವಾಲ್ದಾರ ಹಾಲಪ್ಪ ಬಂದರು. ಗಾಡಿಯ ಮಾಲೀಕರು ಯಾರೆಂದು ಕೇಳಿದರು, ನಾನೆಂದೆ. ಎತ್ತಿದವರು ಯಾರೆಂದು ಕೇಳಿದರು, ಅದಕ್ಕೂ ನಾನೆಂದೆ. ದೂರು ಕೊಟ್ಟಿರುವುದು ಗಾಡಿ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಗ ಅತ್ತೆ ಕೈಯಲ್ಲಿದ್ದ ಕರಿಗಡಬಿನ ತಾಟನ್ನು ಅವರ ಮುಂದೆ ಹಿಡಿದು ಹೇಳಿದರು:

“ಯಪ್ಪಾ, ಗಾಡಿ ನಮ್ದು. ನಾವ ಎತ್ತೀವಿ, ನಾವ ಇಳಿಸೀವಿ. ಇದರಾಗ ಕಳ್ಳರು ಯಾರು ಅಂತ ನೀನ ಹೇಳು.”

ಹಾಲಪ್ಪನವರು ಕಡಬು ತಿಂದರು. ಒಳ್ಳೆಯ ಮನುಷ್ಯ, ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು ಒಂದು ದಾರಿ ತೋರಿಸಿದರು. ನ್ಯಾಯಕಟ್ಟೆಯ ಮುಂದೆ, ಎಂದರೆ ಇಂಥ ತಕರಾರು ಕೇಳುವ ಊರಿನ ಪಂಚರ ಮುಂದೆ, ಇದು ಗಾಡಿಯದೇ ಮುನಿಸು, ಕಳವೂ ಅಲ್ಲ ಏನೂ ಅಲ್ಲ ಎನ್ನುವುದಕ್ಕೆ ನಾನು ಹೂಂ ಅಂದರೆ ಕೇಸು ಅಲ್ಲಿಗೇ ಮುಗಿಯುತ್ತದೆ. ಆದರೆ ಅದು ಮೂರನೆಯ ಮುನಿಸಾಗುತ್ತದೆ, ಗಾಡಿ ಹೋಗುತ್ತದೆ. ಬೇಕೆಂದೇ ಎತ್ತಿದೆವು ಎಂದರೆ ಪಂಚರು ಇನ್ನೊಂದು ಪ್ರಶ್ನೆ ಬಿಡಿಸಬೇಕಾಗುತ್ತದೆ. ಆ ಗಾಡಿ ದಾನೇಶ್ವರಿಯದೋ ಅಥವಾ ತನಗೆ ತಾನೇ ಮಾಲೀಕನೋ? ಈವರೆಗೆ ಆ ಪ್ರಶ್ನೆಯನ್ನು ಯಾರೂ ಕಟ್ಟೆಯವರೆಗೆ ಒಯ್ದಿಲ್ಲವಂತೆ. ಸೋತರೆ ಗಾಡಿಯ ಜೊತೆಗೆ ಕಳ್ಳಿಯೆಂಬ ಹೆಸರೂ ನನ್ನ ಪಾಲಿಗೆ. ಗೆದ್ದರೆ, ಗಾಡಿ ಮಾಲೀಕರ ಕೈಮಾತು ಕೇಳಬೇಕೆಂದಾಗಿ, ಊರಿನ ಪ್ರತಿ ಗಾಡಿಗೂ ಒಂದು ಕೈಸನ್ನೆಗೋಲು ಕೂರಿಸಲೇಬೇಕಾಗುತ್ತದೆ, ಎಳೆದರೆ ಗಾಲಿ ಸಡಿಲಾಗುವ ಒಂದು ಕಬ್ಬಿಣದ ತುಂಡು. ನಾನು ಕೇಳುತ್ತಿರುವುದು ಅಷ್ಟೇ.

ಹೆದರಿಕೆ ಇಲ್ಲವೆಂದರೆ ಸುಳ್ಳಾಗುತ್ತದೆ. ಕೇಸು ಮುಗಿಯುವವರೆಗೆ ಎಂದು ಅವತ್ತಿನಿಂದ ಗಾಡಿ ಬಾಗಿಲು ಬಿಗಿದುಕೊಂಡು ನಿಂತಿದೆ, ನಾವು ಬುಟ್ಟಿ ತಲೆಯ ಮೇಲೆ ಹೊತ್ತು ಓಣಿ ಓಣಿ ತಿರುಗುತ್ತಿದ್ದೇವೆ. ದೂರದ ಮನೆಗಳು ಕೈಬಿಟ್ಟಿವೆ. ಮೊನ್ನೆ ಇಬ್ಬರು ಒಲೆ ಹಚ್ಚಲೇ ಇಲ್ಲ. ಹೂಂ ಅಂದುಬಿಡು, ಹೇಗೋ ಆಗುತ್ತದೆ ಎಂದು ಒಬ್ಬಿಬ್ಬರು ಹೇಳಿಯೂ ನೋಡಿದರು. ನಾನು ಹೂಂ ಅನ್ನುವುದಿಲ್ಲ. ಹಿಟ್ಟು ನಾದುವ ಕೈ ಇದು, ತನ್ನ ಗಾಡಿಯನ್ನು ಮುಟ್ಟಿದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನೀವು ಹೊಸ ಗಾಡಿ ತರಲು ಹೋದಾಗ ಅಂಗಡಿಯವರು ಹಾರ ಹಾಕುತ್ತಾರಂತೆ, ಪೇಢೆ ಕೊಡುತ್ತಾರಂತೆ, ರಟ್ಟಿನ ದೊಡ್ಡ ಕೀಲಿಕೈ ಹಿಡಿಸಿ ಫೋಟೋ ತೆಗೆಯುತ್ತಾರಂತೆ. ತೆಗೆಯಲಿ. ಆದರೆ ಆ ಕೀಲಿಕೈ ಹಿಡಿಯುವ ಮೊದಲು, ನಾನು ತಳ್ಳಿದರೆ ಇದು ಉರುಳುತ್ತದೆಯೇ ಎಂದು ಕೇಳಿ. ಅವರು ನಗುತ್ತಾರೆ, ತಳ್ಳುವ ಕಾಲವೆಲ್ಲ ಹೋಯಿತು ಎನ್ನುತ್ತಾರೆ. ಜೊತೆಗೆ ನೀವೂ ನಗಬೇಡಿ. ಉತ್ತರ ಬರುವವರೆಗೆ ಅಲ್ಲೇ ನಿಲ್ಲಿ, ನಿಮ್ಮ ಹಿಂದೆ ಬಂದವರಿಗೂ ಕೇಳಲು ಹೇಳಿ. ನಿಮ್ಮಲ್ಲಿ ಸಾಕಷ್ಟು ಮಂದಿ ಅಂದೇ ಕೇಳಿದ್ದರೆ ಆ ಕಬ್ಬಿಣದ ತುಂಡು ನಮ್ಮ ಗಾಡಿಯಲ್ಲಿ ಇರುತ್ತಿತ್ತು. ನಿಮ್ಮ ಮೇಲೆ ಸಿಟ್ಟಿಲ್ಲ. ಕೇಳಬೇಕೆಂದು ನಿಮಗೆ ಯಾರೂ ಹೇಳಿರಲಿಲ್ಲ, ಈಗ ನಾನು ಹೇಳಿದ್ದೇನೆ.

ನಾಳೆ ರಾಜ್ಯೋತ್ಸವದ ರಜೆ, ವಿಚಾರಣೆ ನಾಡಿದ್ದು. ದೂರು ಕೊಟ್ಟವರು ಖುದ್ದು ಹಾಜರಿರಬೇಕೆಂದು ಕಟ್ಟೆಯಿಂದ ಆದೇಶ ಬಂದಿದೆ. ಇಲ್ಲಿ ದೂರು ಕೊಟ್ಟಿರುವುದು ಗಾಡಿ, ಅದಕ್ಕೆ ನಡೆದು ಬರಲು ಮನಸ್ಸಿಲ್ಲ. ಹಾಗಾಗಿ ಆ ತೊಲೆಗಳನ್ನು ನೇಕಾರರಿಗೆ ಇನ್ನೂ ಮರಳಿಸಿಲ್ಲ. ಒಲೆ ಹಚ್ಚದ ಆ ಇಬ್ಬರೂ ಬರುತ್ತಿದ್ದಾರೆ. ಹೂಂ ಅಂದುಬಿಡು ಎಂದವರೂ ಬರುತ್ತಿದ್ದಾರೆ. ಹೆಗಲು ಕೊಡಬೇಡಿ, ವಯಸ್ಸಾಯಿತು ಎಂದರೆ ಅತ್ತೆ ಕೇಳುತ್ತಿಲ್ಲ. ನೆಲ ಬಿಟ್ಟ ಕೂಡಲೇ ಗಾಡಿ ಕಳ್ಳರು ಕಳ್ಳರು ಎಂದು ಕೂಗತೊಡಗುತ್ತದೆ, ಕಟ್ಟೆ ಮುಟ್ಟುವವರೆಗೂ ಕೂಗುತ್ತಲೇ ಇರುತ್ತದೆ. ಕೂಗಲಿ. ಊರವರೆಲ್ಲ ಬಾಗಿಲಿಗೆ ಬಂದು ನೋಡಲಿ, ಹದಿನಾರು ಹೆಂಗಸರು ತಮ್ಮ ಗಾಡಿಯನ್ನು ತಾವೇ ಹೊತ್ತುಕೊಂಡು ಹೋಗುವುದನ್ನು.

ಇತಿ ನಿಮ್ಮ ನಂತರದವಳು,
ದಾನೇಶ್ವರಿ