ಬಾಟಲಿ ಚಿತ್ರದ ಡೈರಿ

ಮಾರ್ಚ್ ೩, ಭಾನುವಾರ, ಮಧ್ಯಾಹ್ನ

ಪಾಲಕ್ ಇಪ್ಪತ್ತೆರಡು ಕಟ್ಟು ವಾಪಸ್. ಅಪಾರ್ಟ್‌ಮೆಂಟ್ ಗೇಟಿನ ಮುಂದೆ ಬೆಳಗ್ಗೆ ಆರರಿಂದ ಕೂತಿದ್ದೆ. ಬಂದವರೆಲ್ಲ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರು, ಇಟ್ಟು ಹೋದರು. ಕಾರಣ — ಎಲೆಯಲ್ಲಿ ತೂತಿಲ್ಲ. ನಿವೃತ್ತ ಲೆಕ್ಕದ ಮೇಡಂ ಮುಖಕ್ಕೇ ಹೇಳಿದರು: "ಹುಳ ತಿನ್ನದ್ದನ್ನ ನಾವು ಹೇಗ್ರೀ ತಿನ್ನೋದು?"

ಹುಳ ಬಾರದಿರಲೆಂದು ವಾರಕ್ಕೆರಡು ಸಲ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ರುಬ್ಬಿ ಸಿಂಪಡಿಸಿದವನು ನಾನು. ಹುಳ ಬರಲಿಲ್ಲ. ಅದೇ ನನ್ನ ಅಪರಾಧ.

ಹದಿನೆಂಟು ವರ್ಷ ಕೀಟನಾಶಕದ ಅಂಗಡಿಯಲ್ಲಿ ಬಾಟಲಿ ಮಾರಿದವನಿಗೆ ಒಂದು ದಿನ ವೈರಾಗ್ಯ ಬಂದು, ಎರಡು ಎಕರೆಯಲ್ಲಿ ಸಾವಯವಕ್ಕಿಳಿದರೆ ಅರ್ಥಶಾಸ್ತ್ರ ಹೀಗಿರುತ್ತದೆ — ಇಳುವರಿ ಅರ್ಧ, ಮೈಮುರಿತ ಇಮ್ಮಡಿ, ಬೆಲೆ ಮಾತ್ರ ವಿಷ ಹೊಡೆಯುವ ಪಕ್ಕದ ಹೊಲದವನದ್ದೇ. ಏಕೆಂದರೆ ವಿಷ ಬಿಟ್ಟು ಮೂರು ವರ್ಷ ತುಂಬುವವರೆಗೆ ಸರ್ಟಿಫಿಕೇಟ್ ಇಲ್ಲ. ಅದು ಬಂದರೆ ಪೇಟೆಯ ದೊಡ್ಡ ಅಂಗಡಿಯವರು ಒಂದೂವರೆ ಪಟ್ಟು ಬೆಲೆಗೆ ಎಲ್ಲವನ್ನೂ ಕೊಳ್ಳುತ್ತಾರೆ. ಈ ತಿಂಗಳಿಗೆ ಮೂರು ವರ್ಷ. ಬಾರದಿದ್ದರೆ ಏನೆಂದು ಇವಳು ಆಗಲೇ ತೀರ್ಪು ಕೊಟ್ಟಾಗಿದೆ.

"ಮೂರು ವರ್ಷ ಅಂದ್ರಿ, ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ಜಮೀನು ನನ್ನ ತಮ್ಮನಿಗೆ, ಲಾರಿ ನಿಲ್ಲಿಸೋಕೆ."

ತಮ್ಮ, ಅಂದರೆ ನನ್ನ ಬಾಮೈದ, ಎಲೆಕೋಸಿನ ಸಾಲುಗಳ ನಡುವೆ ಹೆಜ್ಜೆ ಹಾಕಿ ಅಳೆದೂ ಆಗಿದೆ. ಹದಿನಾಲ್ಕು ಲಾರಿ ಹಿಡಿಯುತ್ತದಂತೆ.

ಈ ಡೈರಿಯೂ ಹಳೆಯ ಅಂಗಡಿಯ ಗೋಡೌನಿನದೇ. ಗಿರಾಕಿಗಳಿಗೆ ಕಂಪನಿ ಪುಕ್ಕಟೆ ಕೊಡುತ್ತಿದ್ದುದರಲ್ಲಿ ಉಳಿದದ್ದು. ಪ್ರತಿ ಪುಟದ ಕೆಳಗೆ ವಿಷದ ಬಾಟಲಿಯ ಚಿತ್ರ, ಪಕ್ಕದಲ್ಲಿ ಅಂಗಾತ ಬಿದ್ದ ಹುಳ. ಸಾವಯವದ ಆತ್ಮಕಥೆಗೆ ಇದಕ್ಕಿಂತ ಪ್ರಶಸ್ತವಾದ ಕಾಗದ ಸಿಗದು.

ಮಾರ್ಚ್ ೧೦, ಭಾನುವಾರ

ಒಂದೂ ಕಟ್ಟು ಉಳಿಯಲಿಲ್ಲ. ಏಳೂವರೆಗೆ ಮನೆಯಲ್ಲಿದ್ದೆ.

ಗುಟ್ಟು ಬಾಮೈದನದ್ದು. ನಿನ್ನೆ ಸಂಜೆ ತನ್ನ ಆಫೀಸಿನ ಪಂಚಿಂಗ್ ಮಷೀನ್ ತಂದ. ಕಾಗದಕ್ಕೆ ತೂತು ಹೊಡೆಯುವುದು. "ಭಾವ, ಜನಕ್ಕೆ ಬೇಕಾಗಿರೋದು ತೂತು. ಹುಳ ಹೊಡೆದ್ರೇನು, ನಾವು ಹೊಡೆದ್ರೇನು?"

ಬೇಡವೆಂದೆ. ಮೂರು ಸಲ. ಮೂರನೆಯ ಸಲ ಬೇಡವೆನ್ನುವಾಗ ಕೈಯಲ್ಲಿ ಮಷೀನ್ ಇತ್ತು... ಇಬ್ಬರೂ ಸೇರಿ ನಲವತ್ತು ಕಟ್ಟು ಮುಗಿಸಿದೆವು. ಇವಳು ಬಾಗಿಲಲ್ಲಿ ನಿಂತು ನೋಡಿದಳು. ಏನೂ ಅನ್ನಲಿಲ್ಲ. ಅನ್ನದಿರುವುದರಲ್ಲಿ ಇವಳದು ಎತ್ತಿದ ಕೈ.

ಮಾರ್ಚ್ ೧೭, ಭಾನುವಾರ

ಲೆಕ್ಕದ ಮೇಡಂ ಸ್ಕೇಲು ಹಿಡಿದುಕೊಂಡು ಬಂದರು. ಹನ್ನೆರಡು ಜನರ ಎದುರು ಒಂದು ಎಲೆ ಎತ್ತಿ ಹಿಡಿದರು.

"ಇದು ಆರು ಮಿಲಿಮೀಟರ್. ಇದೂ ಆರು. ಇದೂ ಆರು. ಎರಡು ತೂತಿನ ನಡುವೆ ಎಲ್ಲಾ ಕಡೆ ಎಂಟು ಸೆಂಟಿಮೀಟರ್. ನಿಮ್ಮ ಹುಳ ಯಾವ ಶಾಲೇಲಿ ಓದಿದ್ದಪ್ಪ?"

ಜನ ನಕ್ಕರು. ನಾನೂ ನಕ್ಕೆ — ಜೊತೆಗಿರಲಿ ಎಂದು. ಮೇಡಂ ನಗಲಿಲ್ಲ. "ಒಳ್ಳೇ ಎಲೇನ ಹಾಳುಮಾಡಿ ಸುಳ್ಳು ಹೇಳೋರನ್ನ ಇದೇ ಮೊದಲು ನೋಡಿದ್ದು," ಎಂದು ಕಳೆದ ವಾರದ ದುಡ್ಡು ವಾಪಸ್ ಕೇಳಿದರು. ಕೊಟ್ಟೆ. ಉಳಿದ ಹನ್ನೆರಡು ಜನರೂ ಕೇಳಿದರು. ಅದರಲ್ಲಿ ಇಬ್ಬರು ಕಳೆದ ವಾರ ಕೊಂಡೇ ಇರಲಿಲ್ಲ.

ಇನ್ನು ಆ ಗೇಟಿಗೆ ಮುಖ ತೋರಿಸುವಂತಿಲ್ಲ. ಉಳಿದದ್ದು ಸರ್ಟಿಫಿಕೇಟ್ ಒಂದೇ.

ಮಾರ್ಚ್ ೧೯, ಮಂಗಳವಾರ

ಎರಡು ವಾರ ತಡವಾಗಿ ಹುಳುಗಳು ಬಂದವು. ತೂತು ಬೇಕಾದ ಪಾಲಕ್‌ಗಲ್ಲ, ಎಲೆಕೋಸಿಗೆ. ಬೂದು ಬಣ್ಣದ ಗಿಡಹೇನು, ಎಲೆಯ ಅಡಿ ಕಂಬಳಿ ಹಾಸಿದಂತೆ. ಅದೇ ಬೆಳ್ಳುಳ್ಳಿ-ಮೆಣಸಿನಕಾಯಿ ಕಷಾಯ ಹೊಡೆದೆ. ಹೇನುಗಳು ಒಂದು ಕ್ಷಣ ಊಟ ನಿಲ್ಲಿಸಿ, ಒಗ್ಗರಣೆ ಬಿತ್ತೆಂದು ಮತ್ತೆ ಶುರುಮಾಡಿದವು.

ಇವಳು: "ಮಿಕ್ಸಿ ಜಾರ್ ತೊಳೆದಿಡಿ ಅಂತ ಎಷ್ಟು ಸಲ ಹೇಳೋದು. ಕಲ್ಲಂಗಡಿ ಜ್ಯೂಸ್ ಕುಡಿದು ಕೆಮ್ಮು ಬಂತು."

ಮಾರ್ಚ್ ೨೦, ಬುಧವಾರ

ಹಳೆಯ ಅಂಗಡಿಗೆ ಹೋದೆ. ಸುಮ್ಮನೆ, ಯೋಗಕ್ಷೇಮ ವಿಚಾರಿಸಲು. ಹಳೆಯ ಯಜಮಾನರು ನನ್ನ ಮುಖ ನೋಡಿದವರೇ ಏನನ್ನೂ ಕೇಳದೆ ಎಡಗಡೆಯ ಮೂರನೇ ಶೆಲ್ಫಿನಿಂದ ಬಾಟಲಿ ತೆಗೆದಿಟ್ಟರು.

"ಎಲೆಕೋಸಾ?"

"ಹೂಂ."

ಬಾಟಲಿ ಮನೆಗೆ ತಂದೆ. ಕೊಟ್ಟಿಗೆಯಲ್ಲಿ ಕೂತು ಮುಚ್ಚಳ ಹಿಡಿದೆ. ಸಾವಿರ ಮುಚ್ಚಳ ತಿರುಗಿಸಿದ ಕೈ. ಇವತ್ತು ತಿರುಗಲಿಲ್ಲ... ಮುಚ್ಚಳ ಬಿಗಿಯಾಗಿತ್ತು ಎಂದು ಬರೆಯಬಹುದು. ಬಿಗಿಯಾಗಿರಲಿಲ್ಲ.

ಬಕೆಟ್ಟಿನಲ್ಲಿ ಸೋಪಿನ ನೀರು, ಒಂದು ಹಳೆಯ ಟೂತ್‌ಬ್ರಷ್. ಒಂದೊಂದೇ ಎಲೆ ಉಜ್ಜಿದೆ. ಸೂರ್ಯ ಮುಳುಗುವವರೆಗೆ ಒಂದೂಕಾಲು ಸಾಲು. ಇನ್ನು ಹತ್ತೊಂಬತ್ತು ಚಿಲ್ಲರೆ ಸಾಲು.

ಮಾರ್ಚ್ ೨೧, ಗುರುವಾರ

ಬಾಟಲಿ ವಾಪಸ್ ಕೊಡಲು ಹೋದೆ. ಯಜಮಾನರು ಗೋಡೆಯ ಕಡೆ ಬೆರಳು ತೋರಿಸಿದರು. 'ಮಾರಿದ ಮಾಲು ಹಿಂದಕ್ಕೆ ಪಡೆಯುವುದಿಲ್ಲ.' ಆ ಬೋರ್ಡು ಬರೆಸಿದ್ದು ನಾನೇ. ಅಕ್ಷರ ದಪ್ಪಗಿರಲಿ ಎಂದವನೂ ನಾನೇ.

ಬಾಟಲಿ ಸ್ಕೂಟರಿನ ಸೀಟಿನಡಿ ಕೂತಿದೆ. ಎಲ್ಲಿ ಬಿಸಾಡುವುದು? ಗುಂಡಿಗೆ ಹಾಕಿದರೆ ಮಣ್ಣು, ಮೋರಿಗೆ ಹಾಕಿದರೆ ನೀರು. ಮಾರುವಾಗ ಇದನ್ನು ಒಬ್ಬರಿಗೂ ಹೇಳಿರಲಿಲ್ಲ.

ಮಾರ್ಚ್ ೨೬, ಮಂಗಳವಾರ

ನಾಲ್ಕು ದಿನ ಬರೆದಿಲ್ಲ. ಟೂತ್‌ಬ್ರಷ್. ಬೆರಳು ಮಡಚಲಾಗದು. ಹೇನು ಮುಕ್ಕಾಲು ಹೋಗಿದೆ. ಆಶ್ಚರ್ಯ — ನಾಲ್ಕು ಸಾಲು ಇವಳು ಉಜ್ಜಿದ್ದಾಳೆ. ಕೇಳಿದರೆ, "ಸೀರಿಯಲ್ ಬರೋ ಹೊತ್ತಲ್ಲಿ ಕರೆಂಟ್ ಹೋಗಿತ್ತು," ಎಂದಳು. ನನಗೆ ತಿಳಿದಂತೆ ಹೋಗಿರಲಿಲ್ಲ.

ಮಧ್ಯಾಹ್ನ ಫೋನು. ಸರ್ಟಿಫಿಕೇಟಿನ ಪರಿವೀಕ್ಷಕರು ನಾಡಿದ್ದು ಬರುತ್ತಾರೆ. "ಹೊಲದ ದಿನಚರಿ ರೆಡಿ ಇರಲಿ. ಈ ಸಲ ಬೈಂಡಿಂಗಿಗೆ ಕೊಟ್ಟಿದೀನಿ ಅನ್ನಬೇಡಿ."

ಅದು ಸರ್ಟಿಫಿಕೇಟಿನವರು ಮೂರು ವರ್ಷದ ಹಿಂದೆ ಕೊಟ್ಟ ಹಸಿರು ರಟ್ಟಿನ ಪುಸ್ತಕ. ಬಿತ್ತಿದ್ದು, ಸಿಂಪಡಿಸಿದ್ದು, ಕೊಯ್ದದ್ದು ಅಂದಂದೇ ಬರೆಯಬೇಕು. ಪುಸ್ತಕವಿಲ್ಲದಿದ್ದರೆ ಮೂರು ವರ್ಷ ಮತ್ತೆ ಮೊದಲಿಂದ. ಹುಡುಕಿದೆ. ಫ್ರಿಜ್ಜಿನ ಕುಂಟುಕಾಲಿನ ಅಡಿ ಇತ್ತು. ಎರಡು ಪುಟ ಬರೆದಿದ್ದೆ. ಉಳಿದದ್ದು ಹಾಲಿನಂತೆ ಬಿಳಿ.

ಮಾರ್ಚ್ ೨೭, ಬುಧವಾರ

ಬೆಳಗ್ಗಿನಿಂದ ಮೂರು ವರ್ಷ ಬರೆದೆ. ಬಾಮೈದ ಮೂರು ಬಣ್ಣದ ಪೆನ್ನು ತಂದು ಪಕ್ಕದಲ್ಲೇ ಕೂತ. ಅವನೆದುರು ಈ ಡೈರಿ ತೆಗೆದು ನೋಡಿ ಬರೆಯುವಂತಿರಲಿಲ್ಲ. ಅವನಿಗೆ ಲಾರಿಗೆ ಜಾಗ ಬೇಕು, ಆದರೂ ಮೋಸವೆಂದರೆ ಕೈ ಸುಮ್ಮನಿರದು. "ಭಾವ, ಈ ಪುಟಕ್ಕೆ ಸ್ವಲ್ಪ ಮಣ್ಣು. ಇಲ್ಲಿ ಟೀ ಚೆಲ್ಲೋಣ." ಸಾವಿರ ದಿನಕ್ಕೆ ನನ್ನ ಕಲ್ಪನೆ ಸಾಲಲಿಲ್ಲ. ತೋಚದ ದಿನಗಳಿಗೆಲ್ಲ ಒಂದೇ ವಾಕ್ಯ — 'ಯಾರೂ ಬರಲಿಲ್ಲ. ಕಳೆ ಕಿತ್ತೆ.'

ಓದಿದರೆ ಈ ಹೊಲದಲ್ಲಿ ಕಳೆ ಬಿಟ್ಟು ಬೇರೇನೂ ಬೆಳೆಯಲಿಲ್ಲ ಎನಿಸುತ್ತದೆ.

ಮಾರ್ಚ್ ೨೮, ಗುರುವಾರ, ಸಂಜೆ

ಮುಗಿಯಿತು. ಹೇಗೆ ಮುಗಿಯಿತೆಂದು ಕ್ರಮವಾಗಿ ಬರೆಯುತ್ತೇನೆ.

ಪರಿವೀಕ್ಷಕರು ಹೊಲ ಸುತ್ತಿದರು, ಮಣ್ಣು ಮೂಸಿದರು. ಆಮೇಲೆ ಜಗಲಿಯಲ್ಲಿ ಕೂತು ಹಸಿರು ಪುಸ್ತಕ ತೆರೆದರು. ಹತ್ತು ನಿಮಿಷ ಪುಟ ತಿರುವಿದರು.

"ಕಳೆದ ವರ್ಷ ಏಪ್ರಿಲ್ ಎರಡು. 'ಯಾರೂ ಬರಲಿಲ್ಲ. ಕಳೆ ಕಿತ್ತೆ.'"

"ಹೌದು ಸಾರ್."

"ಅವತ್ತು ನಾನು ಬಂದಿದ್ದೆ."

ಬಾಮೈದ ಎದ್ದು, ಏನೋ ನೆನಪಾದವನಂತೆ ಗೇಟಿನ ಕಡೆ ನಡೆದ. ಪರಿವೀಕ್ಷಕರು ಪುಸ್ತಕ ಮುಚ್ಚಿದರು. "ಹೊಲ ಚೆನ್ನಾಗಿದೆ. ಆದ್ರೆ ನಾನು ಏನನ್ನ ನಂಬಲಿ ಹೇಳಿ?"

ಕಣ್ಣ ಮುಂದೆ ಹದಿನಾಲ್ಕು ಲಾರಿ ಸಾಲಾಗಿ ನಿಂತವು.

ಆಗ ಇವಳು ಒಳಗಿನಿಂದ ಬಂದಳು. ಕೈಯಲ್ಲಿ ಮೂರು ಡೈರಿ. ಇವೇ. ಬಾಟಲಿ ಚಿತ್ರದವು.

"ಇದನ್ನ ನೋಡಿ ಸಾರ್. ಅದು ನಿಮಗೋಸ್ಕರ ಬರೆದದ್ದು. ಇದು ಯಾರಿಗೂ ಬರೆದದ್ದಲ್ಲ."

ಕಸಿದುಕೊಳ್ಳಲು ಎದ್ದೆ. "ಕೂತ್ಕೊಳ್ರೀ," ಎಂದಳು. ಕೂತೆ.

ಅವರು ಎರಡು ಗಂಟೆ ಓದಿದರು. ಕಳೆದ ವರ್ಷದ ಏಪ್ರಿಲ್ ಎರಡು ಸಿಕ್ಕಿತು. ಗಟ್ಟಿಯಾಗಿ ಓದಿದರು, ಮುಖದ ಒಂದು ಗೆರೆಯೂ ಅಲುಗದೆ: "'ಪರಿವೀಕ್ಷಕ ಎಂಬ ಒಣಕಲು ಪ್ರಾಣಿ ಬಂದಿತ್ತು. ನನ್ನ ಗೊಬ್ಬರದ ಗುಂಡಿಯನ್ನು ಹೆಣ ಗುರುತಿಸಲು ಬಂದವನ ಹಾಗೆ ನೋಡಿತು. ಬೈಂಡಿಂಗ್ ಎಂದು ಸುಳ್ಳು ಹೇಳಿದೆ.'" ಪುಟ ತಿರುವಿ, "ತಾರೀಕು ಸರಿಯಾಗಿದೆ," ಎಂದರು.

ಪಂಚಿಂಗ್ ಮಷೀನ್ ಓದಿದರು. ಸ್ಕೇಲು ಓದಿದರು. ಮಾರ್ಚ್ ಇಪ್ಪತ್ತಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬಾಟಲಿ ಎಲ್ಲಿದೆ?"

ಸ್ಕೂಟರಿನ ಸೀಟು ಎತ್ತಿದೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದರು, ಥೇಟ್ ನನ್ನ ಗಿರಾಕಿಗಳು ಪಾಲಕ್ ಹಿಡಿಯುವಂತೆ. ಮುಚ್ಚಳದ ಸೀಲನ್ನು ಉಗುರಿನಿಂದ ಸವರಿ ನೋಡಿದರು. ಒಡೆದಿರಲಿಲ್ಲ.

"ಹತ್ತು ವರ್ಷದ ಸರ್ವೀಸಲ್ಲಿ, ವಿಷ ತಂದೆ ಅಂತ ತಾನೇ ಬರೆದಿಟ್ಟ ರೈತನ್ನ ನೋಡಿಲ್ಲ," ಎಂದರು. "ಇದನ್ನ ನಾನು ತಗೊಂಡು ಹೋಗ್ತೀನಿ. ವಿಲೇವಾರಿ ಮಾಡೋಕೆ ನಮ್ಮಲ್ಲಿ ಜಾಗ ಇದೆ. ಎಲೆಕೋಸಿನ ಮಾದರೀನೂ ಕೊಡಿ, ಲ್ಯಾಬಲ್ಲಿ ಪಾಸಾದ್ರೆ ಸರ್ಟಿಫಿಕೇಟ್. ತೂತಿನ ವಿಷಯ ನನ್ನ ಫಾರಮ್ಮಲ್ಲಿ ಇಲ್ಲ. ಅದನ್ನ ಆ ಮೇಡಂ ಹತ್ರ ನೀವೇ ಬಗೆಹರಿಸಿಕೊಳ್ಳಿ."

ಮೂರೂ ಡೈರಿಗಳ ಪುಟಪುಟಕ್ಕೂ ಮೊಹರು ಒತ್ತಿದರು. ಜಾಗವಿದ್ದದ್ದು ಕೆಳಗೆ ಮಾತ್ರ. ಈಗ ಪ್ರತಿ ಬಾಟಲಿಯ ಮೇಲೂ 'ಪರಿಶೀಲಿಸಲಾಗಿದೆ' ಎಂದಿದೆ.

ಹೊರಡುವಾಗ: "ಪ್ರತಿ ವರ್ಷ ಬರ್ತೀನಿ. ಇದರಲ್ಲೇ ಬರೀರಿ. ಹೀಗೇ ಬರೀರಿ."

ಏಪ್ರಿಲ್ ೯, ಮಂಗಳವಾರ

ಸರ್ಟಿಫಿಕೇಟ್ ಬಂತು. ದೊಡ್ಡ ಅಂಗಡಿಯ ವ್ಯಾನೂ ಬಂತು. ಎಲೆಕೋಸು ಒಂದೂವರೆ ಪಟ್ಟಿಗೆ ಹೋಯಿತು. ಲೆಕ್ಕದ ಮೇಡಂಗೆ ಸರ್ಟಿಫಿಕೇಟಿನ ನಕಲು ಪ್ರತಿ ತೋರಿಸಿ ಕ್ಷಮೆ ಕೇಳಿದೆ. ಮೊಹರಿನ ಸುತ್ತಳತೆ ನೋಡಿ, ಎರಡು ಕಟ್ಟು ಪಾಲಕ್ ತೆಗೆದುಕೊಂಡರು. ಬಾಮೈದ ಲಾರಿಗೆ ಬೇರೆ ಜಾಗ ಅಳೆಯುತ್ತಿದ್ದಾನೆ.

ಈ ವರ್ಷ ಮಳೆಗೆ ಮುಂಚೆ ಹಸಿರೆಲೆ ಗೊಬ್ಬರದ ಬೀಜ ಬಿತ್ತಬೇಕು. ನಮ್ಮ ಪರಿವೀಕ್ಷಕರು ಸಜ್ಜನರು, ಮೈಕಟ್ಟೂ ಸಾಕಷ್ಟು ಚೆನ್ನಾಗಿದೆ.

...ಬರೆಯಲು ಒಂಥರಾ ಆಗುತ್ತದೆ. ಯಾರೋ ಭುಜದ ಹಿಂದೆ ನಿಂತ ಹಾಗೆ.

ಬೆಳಗ್ಗೆ ಇವಳನ್ನು ಕೇಳಿಯೇಬಿಟ್ಟೆ. "ಡೈರಿ ಬೀರುವಿನ ಹಿಂದೆ ಇಡ್ತಿದ್ದೆ. ನಿನಗೆ ಹೇಗೆ ಗೊತ್ತು? ಯಾವಾಗಿಂದ ಓದ್ತಿದ್ದೀಯ?"

"ನೀವು ಅಂಗಡಿಗೆ ಸೇರಿದ ವರ್ಷದಿಂದ."

ಇಪ್ಪತ್ತೊಂದು ವರ್ಷ. ಇಪ್ಪತ್ತೊಂದು ಡೈರಿ. ಇವಳ ಅಡುಗೆಯ ಬಗ್ಗೆ, ತವರಿನ ಬಗ್ಗೆ ನಾನು ಬರೆದ ಎಲ್ಲವನ್ನೂ ಮನಸ್ಸಿನಲ್ಲೇ ತಿರುವಿಹಾಕಿದೆ. ಎಲ್ಲವನ್ನೂ ಓದಿಯೂ ನಾಲ್ಕು ಸಾಲು ಎಲೆಕೋಸು ಉಜ್ಜಿದವಳು.

ಇವಳ ಬಗ್ಗೆ ಒಂದು ಮಾತು ಮಾತ್ರ ಇಷ್ಟು ವರ್ಷದಲ್ಲಿ ಎಲ್ಲೂ ಬರೆದಿಲ್ಲ. ಯಾರೂ ಓದದ ಪುಸ್ತಕದಲ್ಲಿ ಬರೆದೇನು ಪ್ರಯೋಜನ ಎಂದು. ಈಗ ಓದುತ್ತಾಳೆಂದು ಗೊತ್ತಾಗಿದೆ. ಬರೆದೇಬಿಡುತ್ತೇನೆ. ಇವಳು

ಕರೆಯುತ್ತಿದ್ದಾಳೆ. ಮಿಕ್ಸಿ ಜಾರ್ ಇನ್ನೂ ತೊಳೆ—