ಎಡಕ್ಕೊಂದು ಕೆಮ್ಮು

ಹದಿನೇಳು, ಮಂಗಳವಾರ.

ಕಪ್ತಾನರು ನನ್ನ ಮಾವನೆಂಬುದು ಹಡಗಿಗೆಲ್ಲ ಗೊತ್ತು. ಕತ್ತಲಾದರೆ ಅವರಿಗೆ ಕಣ್ಣು ಕಾಣುವುದಿಲ್ಲವೆಂಬುದು ನನಗೊಬ್ಬನಿಗೇ ಗೊತ್ತು. ಉಪಕಪ್ತಾನನಾದ ನಾನು ರಾತ್ರಿ ಅವರ ಪಕ್ಕದಲ್ಲಿ ನಿಂತು ಕೆಮ್ಮುತ್ತೇನೆ. ಒಂದು ಕೆಮ್ಮಿಗೆ ಎಡಕ್ಕೆ, ಎರಡಕ್ಕೆ ಬಲಕ್ಕೆ ಹಡಗು ತಿರುಗಿಸಲು ಹೇಳುತ್ತಾರೆ.

ಇವತ್ತು ಡಾಕ್ಟರು ನನ್ನನ್ನು ಪರೀಕ್ಷಿಸಿ, "ಎದೆ ಗುಂಡುಕಲ್ಲಿನ ಹಾಗಿದೆಯಲ್ರೀ, ರಾತ್ರಿ ಮಾತ್ರ ಯಾಕೆ ಕೆಮ್ತೀರಿ?" ಎಂದರು. ತಂಡಿಗಾಳಿ ಎಂದು ಸುಳ್ಳು ಹೇಳಿದೆ. ಔಷಧಿ ಕೊಟ್ಟರು.

ನಾಳೆ ರಾತ್ರಿ ಶತ್ರುಗಳು ತಾಗಿದರೆ ಸಿಡಿಯುವ ಮೈನ್‌ಗಳನ್ನು ತೇಲಿಬಿಟ್ಟಿರುವ ಜಲಸಂಧಿ ದಾಟಬೇಕು. "ಮಾವ, ಮೇಲಿನವರಿಗೆ ಹೇಳಿಬಿಡೋಣ" ಎಂದೆ.

"ಹೇಳು. ನನ್ನ ಇಳಿಸ್ತಾರೆ, ನಿನ್ನ ಕೂರಿಸ್ತಾರೆ. ಅದಕ್ಕೇ ತಾನೇ?"

ಆ ಆಸೆ ನನಗೂ ಇದ್ದದ್ದು ನಿಜ.

ಕಪ್ತಾನರಿದ್ದಾರಲ್ಲ ಎಂದು ಕೆಳಗೆ ನಾವಿಕರೆಲ್ಲ ಗೊರಕೆ ಹೊಡೆಯುತ್ತಿದ್ದಾರೆ. ಔಷಧಿಯನ್ನು ಸಮುದ್ರಕ್ಕೆ ಸುರಿದು ಬಂದೆ. ನಾಳೆ ಕೆಮ್ಮಬೇಕಲ್ಲ.